ಬಾಡಿಗೆಗೆ ಯಾರಿಗೆ ಕೊಡೋಣ? ಶಿವಮೊಗ್ಗದ ಮನೆ ಮಾಲೀಕರಿಗೊಂದು ಹೋಲಿಕೆ

ಶಿವಮೊಗ್ಗದಲ್ಲಿ ಮನೆ ಖಾಲಿಯಾದರೆ ಕೇಳಿಕೊಂಡು ಬರುವವರಿಗೆ ಬರ ಇಲ್ಲ. ವಿನೋಬನಗರ, ಗೋಪಾಳ, ರವೀಂದ್ರನಗರ ಇರಲಿ, ಅತ್ತ ನವುಲೆ ಕಡೆಯೇ ಇರಲಿ, ಗೇಟಿಗೆ ‘ಮನೆ ಬಾಡಿಗೆಗಿದೆ’ ಅಂತ ಬೋರ್ಡು ಕಟ್ಟಿದರೆ ಫೋನ್ ಬರಲು ಶುರುವಾಗುತ್ತದೆ. ಕಷ್ಟ ಇರುವುದು ಬಂದವರಿಗೆ ‘ಇಲ್ಲ’ ಅನ್ನುವುದರಲ್ಲಿ. ನಮ್ಮ ಕಡೆಯವರಿಗೆ ದಾಕ್ಷಿಣ್ಯ ಸ್ವಲ್ಪ ಜಾಸ್ತಿನೇ. ಕೂರಿಸಿ, ಕಾಫಿ ಕೊಟ್ಟು, ಊರು ಯಾವುದು, ಯಾರ ಕಡೆಯವರು ಅಂತ ಅರ್ಧ ಗಂಟೆ ಮಾತಾಡುತ್ತೇವೆ. ಅಷ್ಟಾದ ಮೇಲೆ ಸಂಬಳದ ಚೀಟಿ ತೋರಿಸಿ ಅನ್ನಲು ಬಾಯಿ ಬರುವುದಿಲ್ಲ.

ಹಾಗಾಗಿ ಇಲ್ಲಿ ಬಾಡಿಗೆದಾರರನ್ನು ಹುಡುಕುವ, ವಿಚಾರಿಸುವ ಒಂದೊಂದು ದಾರಿಗೂ ಎರಡೇ ಪ್ರಶ್ನೆ ಕೇಳುತ್ತಾ ಹೋಗಿದ್ದೇನೆ. ಈ ದಾರಿ ಬಂದವರ ಬಗ್ಗೆ ನಿಮಗೆ ನಿಜವಾಗಿ ಏನು ತಿಳಿಸುತ್ತದೆ? ಬೇಡ ಅನ್ನಿಸಿದರೆ ಬೇಡ ಅನ್ನಲು ಬಿಡುತ್ತದಾ?

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂದರೆ, ಬೇಕು. ಒಳಗೆ ಬಂದವರನ್ನು ಹೊರಗೆ ಕಳಿಸುವುದು ಸುಲಭವಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ನಿಜ, ಆದರೆ ಅದು ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ ಸೀಮಿತ. ಈಗಿನ ಬಹುಪಾಲು ಮನೆಗಳ ಬಾಡಿಗೆ ಆ ಮಿತಿ ದಾಟಿದೆ. ಅವಕ್ಕೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಕರಾರಿನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯವರಿಗೆ 15 ದಿನದ ನೋಟಿಸ್ ಕೊಡಬಹುದು. ನೋಟಿಸಿಗೂ ಜಗ್ಗದಿದ್ದರೆ ಸಿವಿಲ್ ಕೋರ್ಟು. ಸಿಟ್ಟಿನಲ್ಲಿ ಕರೆಂಟ್ ತೆಗೆಸುವುದು, ಬೀಗ ಜಡಿಯುವುದು, ಸಾಮಾನು ಹೊರಗಿಡುವುದು ಮಾಡಿದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ. ಹಾಗೆ ಬಲವಂತವಾಗಿ ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆ ವಾಪಸ್ ಕೇಳಬಹುದು. ನೋಡುವುದೆಲ್ಲ ಕೀಲಿ ಕೊಡುವ ಮೊದಲೇ ನೋಡಬೇಕು.

ಗುರುತಿನವರು, ಬೋರ್ಡು, ಬ್ರೋಕರ್, ಆನ್‌ಲೈನ್

ಮಲೆನಾಡಿನಲ್ಲಿ ಹೆಚ್ಚಿನ ಮನೆಗಳು ಬಾಯಿಮಾತಿನಲ್ಲೇ ಹೋಗುತ್ತವೆ. ಷಡ್ಡಕನ ಆಫೀಸಿನವರು, ತೀರ್ಥಹಳ್ಳಿಯ ಅತ್ತೆ ಮನೆ ಪಕ್ಕದವರು, ದೇವಸ್ಥಾನದಲ್ಲಿ ಸಿಗುವ ಮೇಷ್ಟ್ರ ಮಗಳು, ಹೀಗೆ. ಖರ್ಚಿಲ್ಲ. ಬಂದವರ ಹಿನ್ನೆಲೆ ಸ್ವಲ್ಪವಾದರೂ ಗೊತ್ತಿರುತ್ತದೆ. ಅವರಿಗೂ ಹೇಳಿದವರ ಮರ್ಯಾದೆ ಉಳಿಸಬೇಕು ಅನ್ನುವ ಹೆದರಿಕೆ ಇರುತ್ತದೆ. ಇಲ್ಲಿಯವರೆಗೆ ಚೆನ್ನಾಗಿದೆ.

ಆದರೆ ನನ್ನ ಮಟ್ಟಿಗೆ ಅತ್ಯಂತ ಕಡಿಮೆ ವಿಚಾರಣೆ ನಡೆಯುವುದು ಈ ದಾರಿಯಲ್ಲೇ. ‘ನಮ್ಮ ಭಾವ ಹೇಳಿದ ಮೇಲೆ ಇನ್ನೇನು ಕೇಳೋದು’ ಅಂದುಕೊಂಡು ಆಧಾರ್ ಪ್ರತಿಯನ್ನೂ ಇಸಿದುಕೊಂಡಿರುವುದಿಲ್ಲ. ಕರಾರು ಪತ್ರ ‘ಆಮೇಲೆ ಮಾಡೋಣ’ ಆಗುತ್ತದೆ. ಬಾಡಿಗೆ ಎರಡು ತಿಂಗಳು ತಡವಾದರೆ ಕೇಳುವುದು ಬಾಡಿಗೆದಾರರನ್ನಲ್ಲ, ಭಾವನನ್ನು. ಕೊನೆಗೆ ಹೋಗುವುದು ಬಾಡಿಗೆ ಅಷ್ಟೇ ಅಲ್ಲ, ನೆಂಟಸ್ತಿಕೆಯೂ. ಇನ್ನೊಂದು ಗಮನಿಸಿ: ಶಿಫಾರಸು ಮಾಡಿದವರಿಗೆ ಆ ವ್ಯಕ್ತಿ ಎಷ್ಟು ಗೊತ್ತು ಅಂತ ನಾವು ಕೇಳುವುದೇ ಇಲ್ಲ. ‘ಅವರ ಜೊತೆ ಕೆಲಸ ಮಾಡಿದ್ದೀರಾ? ದುಡ್ಡಿನ ವ್ಯವಹಾರ ಮಾಡಿದ್ದೀರಾ?’ ಅಂತ ಕೇಳಿ ನೋಡಿ. ‘ಇಲ್ಲ ಮಾರಾಯ, ಮದುವೆ ಮನೆಯಲ್ಲಿ ಪರಿಚಯ’ ಅನ್ನುವ ಉತ್ತರ ಎಷ್ಟೋ ಸಲ ಬರುತ್ತದೆ.

ಗೇಟಿನ ಬೋರ್ಡಿಗೆ ಬರುವವರು ಪೂರ್ತಿ ಅಪರಿಚಿತರು. ಅದೇ ಅದರ ಅನುಕೂಲ. ಕಾಗದ ಕೇಳಲು ಸಂಕೋಚ ಇಲ್ಲ, ಬೇಡ ಅಂದರೆ ಯಾರಿಗೂ ಬೇಜಾರಿಲ್ಲ. ಜೊತೆಗೆ ಆ ಬೀದಿಯಲ್ಲೇ ಓಡಾಡುವವರು, ಮಕ್ಕಳ ಶಾಲೆಯೋ ಆಫೀಸೋ ಹತ್ತಿರ ಇರುವವರು ಬರುತ್ತಾರೆ. ಅಂಥವರು ಬೇಗ ಬಿಟ್ಟು ಹೋಗುವುದಿಲ್ಲ. ಮಾಲೀಕರು ಅದೇ ಊರಿನಲ್ಲಿದ್ದು ತೋರಿಸಲು ಪುರುಸೊತ್ತಿದ್ದರೆ ಬೋರ್ಡಿನಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ.

ಬ್ರೋಕರ್ ಬೇಕಾಗುವುದು ಮಾಲೀಕರು ಬೆಂಗಳೂರಿನಲ್ಲೋ ಇನ್ನೆಲ್ಲೋ ಇರುವಾಗ. ಕಮಿಷನ್ ಎಷ್ಟು, ಯಾರು ಕೊಡಬೇಕು ಅನ್ನುವುದನ್ನು ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. ಅವರಿಗೆ ದುಡ್ಡು ಸಿಗುವುದು ಮನೆ ತುಂಬಿದ ದಿನ, ಬಾಡಿಗೆ ಸರಿಯಾಗಿ ಬಂದ ದಿನ ಅಲ್ಲ. ‘ನಾನು ಎಲ್ಲಾ ವಿಚಾರಿಸಿದ್ದೇನೆ ಸರ್’ ಅನ್ನುವ ಮಾತಿಗೆ ಅಷ್ಟೇ ಬೆಲೆ ಕೊಡಿ. ಮನೆ ತೋರಿಸಲಿ, ವಿಚಾರಣೆ ನೀವೇ ಮಾಡಿ.

ಆನ್‌ಲೈನ್ ಜಾಹೀರಾತಿಗೆ, ವಾಟ್ಸಾಪ್ ಗುಂಪಿಗೆ ಹಾಕಿದರೆ ಅತಿ ಹೆಚ್ಚು ಜನ ತಲುಪುತ್ತಾರೆ. ಅದರಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ. ಒಂದು ಮೋಸ ಮಾತ್ರ ನೆನಪಿಟ್ಟುಕೊಳ್ಳಿ. ‘ನಾನು ಸೈನ್ಯದಲ್ಲಿದ್ದೇನೆ, ನಿಮ್ಮೂರಿಗೆ ವರ್ಗ ಆಗಿದೆ, ಮನೆ ನೋಡುವುದೇ ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ’ ಅಂತ ಫೋನ್ ಬರುತ್ತದೆ. ಐಡಿ ಕಾರ್ಡಿನ ಫೋಟೋವೂ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತದೆ ಅನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡವೇ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದು ನಿಮ್ಮ ಖಾತೆಯಿಂದ. ಮನೆಯನ್ನು ಕಣ್ಣಿಂದ ನೋಡದೆ ಅಡ್ವಾನ್ಸ್ ಕೊಡಲು ಅವಸರ ಮಾಡುವವರ ಜೊತೆ ಮಾತು ಬೆಳೆಸಬೇಡಿ.

ಯಾವ ಕಾಗದ ಏನು ಹೇಳುತ್ತದೆ

ಇಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆಧಾರ್ ಪ್ರತಿ ಇಸಿದುಕೊಂಡರೆ ಎಲ್ಲಾ ಮುಗಿಯಿತು ಅಂದುಕೊಳ್ಳುತ್ತಾರೆ. ಆಧಾರ್ ಹೇಳುವುದು ಈ ಮನುಷ್ಯ ಇವನೇ ಅಂತ ಮಾತ್ರ. ಅದೂ ಬರೀ ಜೆರಾಕ್ಸ್ ನೋಡಿದರೆ ಅಷ್ಟೂ ಹೇಳುವುದಿಲ್ಲ. ಕಾರ್ಡಿನ ಕ್ಯೂಆರ್ ಕೋಡನ್ನು ಅಧಿಕೃತ ಆಧಾರ್ ಆಪ್‌ನಲ್ಲಿ ಸ್ಕ್ಯಾನ್ ಮಾಡಿ, ಹೆಸರು, ಫೋಟೋ ಹೊಂದುತ್ತದಾ ನೋಡಿ. ಪೂರ್ತಿ ನಂಬರ್ ನಿಮಗೆ ಬೇಕಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್’ ಆಧಾರ್ ಕೊಟ್ಟರೆ ಬೇಡ ಅನ್ನಬೇಡಿ. ಅಂಥವರು ಹುಷಾರಿನವರು ಅಂತ ಅರ್ಥ.

ಪೊಲೀಸ್ ಪರಿಶೀಲನೆ ಇನ್ನೊಂದು. ಬಾಡಿಗೆದಾರರ ವಿವರವನ್ನು ನಿಮ್ಮ ಠಾಣೆಗೆ ಕೊಡುವುದು ಒಳ್ಳೆಯದು, ಅದರಲ್ಲೂ ಹೊರ ರಾಜ್ಯದಿಂದ ಬಂದವರು, ಇಲ್ಲಿ ಯಾರ ಪರಿಚಯವೂ ಇಲ್ಲದವರು ಅಂದಾಗ. ಬಂದವರೇ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ತಂದುಕೊಡಲೂಬಹುದು. ವಿದೇಶಿ ವಿದ್ಯಾರ್ಥಿಗೋ ಸಂಶೋಧಕರಿಗೋ ಮನೆ ಕೊಟ್ಟರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರ ಸಲ್ಲಿಸುವುದು ಮನೆ ಕೊಟ್ಟವರ ಜವಾಬ್ದಾರಿ. ಇದೆಲ್ಲ ತಿಳಿಸುವುದು ಆ ವ್ಯಕ್ತಿಯ ಮೇಲೆ ಕೇಸು ಇದೆಯಾ ಅನ್ನುವುದನ್ನು. ತಿಂಗಳ ಐದನೇ ತಾರೀಕು ಬಾಡಿಗೆ ಹಾಕುತ್ತಾರಾ, ಗೋಡೆಗೆಲ್ಲ ಮೊಳೆ ಹೊಡೆಯುತ್ತಾರಾ ಅನ್ನುವುದು ಯಾವ ಠಾಣೆಗೂ ಗೊತ್ತಿರುವುದಿಲ್ಲ.

ಸಂಬಳದ ಚೀಟಿ, ಆಫೀಸಿನ ಗುರುತಿನ ಚೀಟಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬಾಡಿಗೆ ಕೊಡುವ ಸಾಮರ್ಥ್ಯವನ್ನು ಹೇಳುತ್ತವೆ. ಬಾಡಿಗೆ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಅನ್ನುವುದು ಹಳೆಯ ಲೆಕ್ಕ. ನಮ್ಮ ಊರಿನ ಬಾಡಿಗೆಗೆ ಅದು ಸಾಕು. ಬಾಡಿಗೆ 8,000 ಇದ್ದರೆ ಕೈಗೆ ಬರುವುದು 24,000 ಆದರೂ ಇರಲಿ.

ಸಿಬಿಲ್ ಸ್ಕೋರ್ ಕೇಳಬೇಕಾ? ದೊಡ್ಡ ಊರುಗಳಲ್ಲಿ ಕೇಳುವ ರೂಢಿ ಶುರುವಾಗಿದೆ. 300ರಿಂದ 900ರವರೆಗಿನ ಅಂಕ ಅದು, ಸಾಲ, ಕ್ರೆಡಿಟ್ ಕಾರ್ಡ್ ಸರಿಯಾಗಿ ಕಟ್ಟಿದ್ದಾರಾ ಅನ್ನುವುದರ ಮೇಲೆ ನಿಂತದ್ದು. ನೀವಾಗಿ ಅದನ್ನು ತೆಗೆಸಲು ಆಗುವುದಿಲ್ಲ. ಅವರೇ ತೆಗೆದು ತೋರಿಸಬೇಕು. ವರ್ಷಕ್ಕೊಂದು ಸಲ ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಆದರೆ ಸಾಲವನ್ನೇ ಮಾಡದ ನರ್ಸ್‌ಗೆ, ಈಗ ತಾನೇ ಕೆಲಸಕ್ಕೆ ಸೇರಿದ ಹುಡುಗನಿಗೆ ಸ್ಕೋರೇ ಇರುವುದಿಲ್ಲ. ನಾನಾದರೆ ಶಿವಮೊಗ್ಗದಲ್ಲಿ ಇದನ್ನು ಕೇಳಲು ಹೋಗುವುದಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದು ಫೋನ್ ಕಾಲ್. ಹಿಂದಿನ ಮನೆ ಮಾಲೀಕರಿಗೆ. ಈಗ ಇರುವ ಮನೆಯವರಿಗಲ್ಲ, ಅದಕ್ಕೂ ಹಿಂದಿನವರಿಗೆ. ಈಗಿನವರಿಗೆ ಇವರು ಹೋದರೆ ಸಾಕು ಅಂತ ಇದ್ದರೆ ಬಾಯಿ ತುಂಬಾ ಹೊಗಳಿ ನಿಮ್ಮ ಕೊರಳಿಗೆ ಕಟ್ಟುತ್ತಾರೆ. ಹಿಂದಿನವರಿಗೆ ಅಂಥ ಗರಜು ಇಲ್ಲ. ಆದರೂ ‘ಹೆಂಗಿದ್ದರು?’ ಅಂತ ಕೇಳಿದರೆ ‘ಒಳ್ಳೆ ಜನ, ಏನೂ ತೊಂದರೆ ಇಲ್ಲ’ ಅನ್ನುವ ಉತ್ತರವೇ ಬರುವುದು. ಬಿಟ್ಟುಹೋದವರ ಬಗ್ಗೆ ಕೆಟ್ಟದ್ದು ಯಾಕೆ ಹೇಳೋದು ಅಂತ ಅವರಿಗೂ ದಾಕ್ಷಿಣ್ಯ. ಹಾಗಾಗಿ ನೇರ ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ.

‘ಬಾಡಿಗೆ ಯಾವ ತಾರೀಕಿಗೆ ಬರ್ತಿತ್ತು ಸರ್?’

‘ಹತ್ತರೊಳಗೆ ಹಾಕ್ತಿದ್ರು.’

‘ಹೋಗುವಾಗ ಅಡ್ವಾನ್ಸಲ್ಲಿ ಏನಾದರೂ ಹಿಡಿದುಕೊಂಡ್ರಾ?’

‘ಪೇಂಟಿಂಗಿಗೆ ಸ್ವಲ್ಪ. ಅಷ್ಟೇ.’

‘ಅವರೇ ಮತ್ತೆ ಬಂದು ಕೇಳಿದ್ರೆ ಕೊಡ್ತೀರಾ?’

ಈ ಕೊನೆಯ ಪ್ರಶ್ನೆಗೆ ತಕ್ಷಣ ‘ಕೊಡ್ತೀನಿ’ ಬಂದರೆ ಬೇರೆ ಕಾಗದವೇ ಬೇಡ. ‘ನೋಡ್ಬೇಕು... ಈಗ ಮನೆ ಖಾಲಿ ಇಲ್ವಲ್ಲ’ ಅಂತ ಎಳೆದರೆ ಅದೂ ಉತ್ತರವೇ. ಹಿಂದಿನ ಮಾಲೀಕರ ನಂಬರ್ ಕೊಡಲು ಬಾಡಿಗೆದಾರರು ಹಿಂದೆ ಮುಂದೆ ನೋಡಿದರೆ ಕಾರಣ ಕೇಳಿ. ಒಮ್ಮೊಮ್ಮೆ ನ್ಯಾಯವಾದ ಕಾರಣವೇ ಇರುತ್ತದೆ, ಅಡ್ವಾನ್ಸ್ ವಾಪಸ್ ಕೊಡದೆ ಸತಾಯಿಸುವ ಮಾಲೀಕರೂ ಊರಲ್ಲಿ ಇದ್ದಾರಲ್ಲ.

ಬರುವವರಲ್ಲಿ ನಾಲ್ಕು ಥರ

ನಮ್ಮೂರಿನ ವಿಶೇಷ ಅಂದರೆ ಮಕ್ಕಳ ಓದಿಗಾಗಿ ಮನೆ ಮಾಡುವವರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟ ಇರುತ್ತದೆ. ಅಪ್ಪ ತೋಟ ನೋಡಿಕೊಂಡು ಅಲ್ಲೇ, ಅಮ್ಮ ಮಕ್ಕಳ ಜೊತೆ ಇಲ್ಲಿ. ದೊಡ್ಡವನ ಪಿಯುಸಿ ಮುಗಿಯುವವರೆಗೆ, ಆಮೇಲೆ ಚಿಕ್ಕವಳ ಪಿಯುಸಿ ಮುಗಿಯುವವರೆಗೆ ಜಾಗ ಬಿಡುವುದಿಲ್ಲ. ಮನೆಯನ್ನು ಮನೆಯ ಹಾಗೆ ಇಟ್ಟುಕೊಳ್ಳುತ್ತಾರೆ. ಆದರೆ ಇವರನ್ನು ಸಂಬಳದ ಚೀಟಿಯಿಂದ ಅಳೆದರೆ ಒಬ್ಬರೂ ಪಾಸಾಗುವುದಿಲ್ಲ. ಅಡಿಕೆಯ ದುಡ್ಡು ತಿಂಗಳಿಗೆ ಬರುವುದಲ್ಲ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ರೇಟು ನೋಡಿ ಮಂಡಿಗೋ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹಾಕಿದಾಗ ಒಟ್ಟಿಗೆ ಬರುತ್ತದೆ. ರೇಟು ಏರಲಿ ಅಂತ ಮೂಟೆ ಮನೆಯಲ್ಲೇ ಇಟ್ಟುಕೊಂಡು ಕಾಯುವವರೂ ಇದ್ದಾರೆ. ಇಂಥವರ ಹತ್ತಿರ ಪಹಣಿ ಕೇಳುವ ಬದಲು ಹೋದ ವರ್ಷದ ಮಾರಾಟದ ಪಟ್ಟಿ ತೋರಿಸಿ ಅನ್ನಿ. ಪಹಣಿಯಲ್ಲಿ ಜಮೀನು ಕಾಣುತ್ತದೆ, ದುಡ್ಡು ಕಾಣುವುದಿಲ್ಲ. ಬಾಡಿಗೆಯನ್ನು ಮೂರು ತಿಂಗಳಿಗೊಮ್ಮೆ ಮುಂಗಡ ಕೊಡುತ್ತೇವೆ ಅಂದರೆ ಸಂತೋಷವಾಗಿ ಒಪ್ಪಿಕೊಳ್ಳಿ. ಇಲ್ಲವಾದರೆ ಅಡ್ವಾನ್ಸ್ ಸ್ವಲ್ಪ ಜಾಸ್ತಿ ಮಾತಾಡಿ. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇವರೇ.

ಸರ್ಕಾರಿ ನೌಕರರು, ಬ್ಯಾಂಕಿನವರು ಎಲ್ಲರಿಗೂ ಇಷ್ಟ. ಸಂಬಳ ನಿಶ್ಚಿತ, ಕಾಗದ ಪಕ್ಕಾ. ವರ್ಗಾವಣೆ ಒಂದೇ ತಕರಾರು. ಎರಡು ಮೂರು ವರ್ಷಕ್ಕೆ ಹೊರಡುತ್ತಾರೆ, ಕೆಲವೊಮ್ಮೆ ಅದಕ್ಕೂ ಮೊದಲು. ಈಗಿನ ಜಾಗಕ್ಕೆ ಬಂದು ಎಷ್ಟು ದಿನ ಆಯಿತು ಅಂತ ಕೇಳಿದರೆ ಅಂದಾಜು ಸಿಗುತ್ತದೆ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇರುವವರು ರಸೀದಿ ಕೇಳುತ್ತಾರೆ, ಬಾಡಿಗೆ ವರ್ಷಕ್ಕೆ ಒಂದು ಲಕ್ಷ ದಾಟಿದರೆ ನಿಮ್ಮ ಪ್ಯಾನ್ ನಂಬರೂ ಬೇಕಾಗುತ್ತದೆ. ಬಾಡಿಗೆಯನ್ನು ಲೆಕ್ಕಕ್ಕೆ ತೋರಿಸಲು ಇಷ್ಟವಿಲ್ಲದ ಮಾಲೀಕರು ಇವರ ಜೊತೆ ಜಗಳ ಆಡುತ್ತಾರೆ. ಜಗಳದಲ್ಲಿ ತಪ್ಪು ಯಾರದ್ದು ಅಂತ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳು. ನವುಲೆಯ ಜೆಎನ್‌ಎನ್‌ಸಿಇ ಎಂಜಿನಿಯರಿಂಗ್ ಕಾಲೇಜಿನ ಸುತ್ತ, ಸಾಗರ ರಸ್ತೆಯ ಸಿಮ್ಸ್ ಮೆಡಿಕಲ್ ಕಾಲೇಜಿನ ಸುತ್ತ ಮನೆ ಇದ್ದರೆ ಅವರೇ ಬರುವುದು. ನಾಲ್ಕು ಜನ ಸೇರಿ ಹಂಚಿಕೊಳ್ಳುವುದರಿಂದ ಸಂಸಾರಸ್ಥರಿಗಿಂತ ಹೆಚ್ಚು ಬಾಡಿಗೆ ಕೊಡಬಲ್ಲರು. ಸವೆತವೂ ಅಷ್ಟೇ ಹೆಚ್ಚು. ಹದಿನೆಂಟು ತುಂಬದವರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪಿಯುಸಿ ಮಕ್ಕಳಾದರೆ ಅಪ್ಪನೋ ಅಮ್ಮನೋ ಬಂದು ಸಹಿ ಹಾಕಲಿ. ದೊಡ್ಡವರಾದರೂ ನಾಲ್ವರ ಹೆಸರೂ ಇರಲಿ, ಪೂರ್ತಿ ಬಾಡಿಗೆಗೆ ಪ್ರತಿಯೊಬ್ಬರೂ ಜವಾಬ್ದಾರರು ಅಂತ ಬರೆಸಿ. ಒಬ್ಬನ ಹೆಸರಿನಲ್ಲಿ ಮಾಡಿದರೆ ಅವನು ಕೋರ್ಸು ಮುಗಿಸಿ ಹೋದ ಮೇಲೆ ಒಳಗಿರುವವರು ಯಾರು ಅಂತಲೇ ನಿಮಗೆ ಗೊತ್ತಿರುವುದಿಲ್ಲ.

ಅಂಗಡಿ, ಸ್ವಂತ ವ್ಯವಹಾರದವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ಅಂಗಡಿಯನ್ನೇ ಒಮ್ಮೆ ಹೋಗಿ ನೋಡುವುದು ಸಾಕು.

ಭೋಗ್ಯಕ್ಕೆ ಕೇಳುವವರ ಮಾತು ಬೇರೆ. ತಿಂಗಳ ಬಾಡಿಗೆಯ ತಲೆನೋವು ಇಲ್ಲ, ಹಾಗಾಗಿ ಅವರ ಸಂಬಳ ಅಷ್ಟು ಮುಖ್ಯವಲ್ಲ. ವಿಚಾರಿಸಬೇಕಾದದ್ದು ನಿಮ್ಮನ್ನೇ: ಅವಧಿ ಮುಗಿದ ದಿನ ಅಷ್ಟೂ ಲಕ್ಷ ಒಟ್ಟಿಗೆ ವಾಪಸ್ ಕೊಡಲು ಆಗುತ್ತದಾ? ಇನ್ನೊಬ್ಬರು ಭೋಗ್ಯಕ್ಕೆ ಬಂದರೆ ಕೊಡುತ್ತೇನೆ ಅನ್ನುವುದು ಉತ್ತರವಲ್ಲ. ಒಂದು ವರ್ಷ ಮೀರಿದ ಭೋಗ್ಯದ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು.

ಜಾತಿ ಕೇಳುವ ವಿಷಯ

‘ನಮ್ಮವರಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’ ಅನ್ನುವ ಬೋರ್ಡುಗಳು ಊರಲ್ಲಿ ಇವೆ. ಬೋರ್ಡು ಹಾಕದವರೂ ‘ನಿಮ್ಮ ಕಡೆ ಹಬ್ಬ ಹೇಗೆ ಮಾಡ್ತೀರಿ’ ಅಂತ ಸುತ್ತಿ ಬಳಸಿ ಅದನ್ನೇ ಕೇಳುತ್ತಾರೆ. ಈ ಪ್ರಶ್ನೆ ಬಾಡಿಗೆ ಸರಿಯಾಗಿ ಬರುತ್ತದಾ ಅನ್ನುವುದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ತಪ್ಪು ಅನ್ನುವುದು ಒಂದು ಕಡೆ. ವಿಚಾರಣೆಯಾಗಿಯೂ ಇದು ದಂಡ. ‘ನಮ್ಮವರೇ’ ಅಂತ ಗೊತ್ತಾದ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಒಂಟಿ ಹೆಣ್ಣುಮಕ್ಕಳು, ವಿಚ್ಛೇದನ ಆದವರು, ಬೇರೆ ಧರ್ಮದವರು ಸಂಬಳದ ಚೀಟಿ ಕೈಯಲ್ಲಿ ಹಿಡಿದು ಬಂದರೂ ಗೇಟಿನಲ್ಲೇ ವಾಪಸ್. ಕೆಲಸ, ಹಿಂದಿನ ಮಾಲೀಕರ ಮಾತು, ಎಷ್ಟು ಜನ ಇರುತ್ತಾರೆ, ಎಷ್ಟು ದಿನ ಇರುತ್ತಾರೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಬಂದವರಿಗೆಲ್ಲ ಅದನ್ನೇ ಕೇಳಿ. ಭಾವ ಕಳಿಸಿದವರಿಗೂ ಅದೇ ಹಾಳೆ. ‘ಎಲ್ಲರಿಗೂ ಕೇಳ್ತೀವಿ, ನಿಮಗೊಬ್ಬರಿಗೆ ಅಲ್ಲ’ ಅನ್ನಲು ಬಾಯಿ ಬರುತ್ತದೆ, ಬೇಡ ಅನ್ನಲು ಕಾರಣವೂ ಸಿಗುತ್ತದೆ.

ಮಳೆ, ಆಷಾಢ, ಕರೆಂಟ್ ಬಿಲ್ಲು

ಮಲೆನಾಡಿನ ಮಟ್ಟಿಗೆ ಆ ಹಾಳೆಗೆ ಇನ್ನೆರಡು ಸಾಲು ಸೇರಿಸಬೇಕು. ಹೆಂಚಿನ ಮನೆಯಾದರೆ, ತೋಟದ ಔಟ್‌ಹೌಸ್ ಆದರೆ, ಮಳೆಗಾಲ ಇಲ್ಲಿ ಕಳೆದಿದ್ದೀರಾ ಅಂತ ಕೇಳಿ. ಬಯಲುಸೀಮೆಯಿಂದ ಬಂದವರಿಗೆ ಜುಲೈ ತಿಂಗಳ ಗೋಡೆಯ ಬೂಷ್ಟು ನೋಡಿದರೆ ಗಾಬರಿ. ಮನೆ ಸರಿಯಿಲ್ಲ ಅಂತ ಮೂರೇ ತಿಂಗಳಿಗೆ ಬಿಟ್ಟವರನ್ನು ಕಂಡಿದ್ದೇನೆ. ಮಾಡಿನ ನೀರು ಹರಿಯುವ ದೋಣಿಯಲ್ಲಿ ಕಟ್ಟಿದ ಎಲೆ ತೆಗೆಯುವವರು ಯಾರು, ಹೆಂಚು ಸರಿದರೆ ಯಾರ ಖರ್ಚು, ಇದು ಮೊದಲ ದಿನವೇ ಮಾತಾಗಲಿ.

ಮನೆ ಬದಲಾಯಿಸುವವರು ಶಾಲೆ ಶುರುವಾಗುವ ಮೊದಲು, ಮೇ ತಿಂಗಳಲ್ಲಿ ಜಾಸ್ತಿ. ಆಷಾಢ ಹಿಡಿದರೆ ಹೊಸ ಮನೆಗೆ ಹಾಲುಕ್ಕಿಸಲು ಬಹಳ ಜನ ಒಪ್ಪುವುದಿಲ್ಲ. ಅಷ್ಟರೊಳಗೆ ಮನೆ ಹೋಗದಿದ್ದರೆ ಮಾಲೀಕರಿಗೆ ಕಸಿವಿಸಿ ಶುರು. ಇನ್ನೊಂದು ತಿಂಗಳು ಖಾಲಿ ಬೀಳುತ್ತದಲ್ಲ ಅಂತ ಆಷಾಢದ ಹಿಂದಿನ ವಾರ ಬಂದವರಿಗೆ ಏನೂ ಕೇಳದೆ ಕೀಲಿ ಕೊಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಖಾಲಿ ಬಿದ್ದರೆ ನಷ್ಟ ಒಂದು ತಿಂಗಳ ಬಾಡಿಗೆ, 8,000. ಸರಿಯಿಲ್ಲದವರು ಬಂದು ಆರು ತಿಂಗಳು ಕೊಡದೆ ಕೂತರೆ 48,000, ಮೇಲೆ ವಕೀಲರ ಫೀಸು.

ಯಾರು ಅಂತ ಗೊತ್ತಾದ ಮೇಲೆ ಕರಾರು ಪತ್ರ. ಇ-ಸ್ಟಾಂಪ್ ಕಾಗದದ ಮೇಲೆ 11 ತಿಂಗಳಿಗೆ ಮಾಡುವುದೇ ರೂಢಿ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅನ್ನುವುದೇ ಅದಕ್ಕೆ ಕಾರಣ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಬರಲಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಒಂದು ಹೊಸ ಕೆಲಸ ಸೇರಿಕೊಂಡಿದೆ. ಬಾಡಿಗೆದಾರರೂ ಮೆಸ್ಕಾಂ ಖಾತೆಗೆ ತಮ್ಮ ಆಧಾರ್ ಜೋಡಿಸಿ ಸೌಲಭ್ಯ ಪಡೆಯಬಹುದು. ಹೋಗುವಾಗ ಆ ಜೋಡಣೆ ತೆಗೆಸದಿದ್ದರೆ ಹೊಸಬರು ಅರ್ಜಿ ಹಾಕುವಾಗ ತೊಡಕು. ಹೊಸಬರನ್ನು ಒಪ್ಪಿಕೊಳ್ಳುವಾಗಲೇ, ಹಳೆ ಮನೆಯದ್ದನ್ನು ತೆಗೆಸಿದ್ದೀರಾ ಅಂತ ಕೇಳಿ. ಹಳೆ ಮನೆಯ ಕೊನೆಯ ಕರೆಂಟ್ ಬಿಲ್ಲನ್ನೂ ತೋರಿಸಿ ಅನ್ನಿ. ಬಾಕಿ ಇಟ್ಟು ಬಂದವರು ನಿಮ್ಮ ಮನೆಯಲ್ಲೂ ಇಟ್ಟು ಹೋಗುತ್ತಾರೆ. ಬಾಕಿ ಕೂರುವುದು ಮೀಟರಿನ ಮೇಲೆ, ಮೀಟರ್ ನಿಮ್ಮದು.

ಮನೆ ಕೊಡದೆ ವಾಪಸ್ ಕಳಿಸಿದವರ ಕಾಗದಗಳು ನಿಮ್ಮ ಹತ್ತಿರ ಉಳಿದಿರುತ್ತವೆ ಅಲ್ವಾ? ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಟಿವಿ ಸ್ಟ್ಯಾಂಡಿನ ಕೆಳಗೆ ಬಿದ್ದಿರುವುದು ಬೇಡ. ಹರಿದು ಹಾಕಿ, ವಾಟ್ಸಾಪಿನಲ್ಲಿ ಬಂದದ್ದನ್ನು ಅಳಿಸಿ. ‘ಮನೆ ಬೇರೆಯವರಿಗೆ ಆಯಿತು, ನಿಮ್ಮ ದಾಖಲೆ ಅಳಿಸಿದ್ದೇವೆ’ ಅಂತ ಒಂದು ಸಾಲು ಕಳಿಸಿ. ಅವರೂ ಬೇರೆ ಮನೆ ನೋಡಿಕೊಳ್ಳಬೇಕು.